ಗಿರಣಿ ನಿಂತಾಗ ಕೇಳಿಸಿದ ಜಪಾನ್

ಪುಟ್ಟಬಸಮ್ಮ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಹಳ ವರ್ಷ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಗೊರಗೊರ ಸದ್ದಿನ ನಡುವೆ ಗುವಾಹಟಿಯಿಂದಲೋ ಸೂರತ್ತಿನಿಂದಲೋ ಎಳೆಯಷ್ಟು ತೆಳ್ಳಗೆ ಬರುವ ದನಿಯನ್ನು ಹಿಡಿದು, "ಮಾತಾಡಿ, ಲೈನಲ್ಲಿದ್ದಾರೆ" ಅನ್ನುವುದು ಅವರ ಕೆಲಸ. ತೊಂಬತ್ತರ ದಶಕದಲ್ಲಿ ಬೀದಿಬೀದಿಗೂ ಎಸ್‌ಟಿಡಿ ಬೂತುಗಳು ಬಂದವು. ಟ್ರಂಕ್ ಬೋರ್ಡಿಗೆ ಕೆಲಸವಿಲ್ಲದಾಗಿ ಅವರನ್ನು ಬಿಲ್ಲಿನ ವಿಭಾಗಕ್ಕೆ ಹಾಕಿದರು. ಮೊದಲ ದಿನದ ಕೆಲಸ ಮುಗಿಸಿ ಮಂಡಿ ಮೊಹಲ್ಲಾದ ಮನೆಗೆ ಬಂದವರು, ಬೆಲ್ಲದ ಮಂಡಿಯಲ್ಲಿ ಗುಮಾಸ್ತರಾಗಿದ್ದ ಗಂಡ ಮಹದೇವಪ್ಪನವರ ಮುಂದೆ ಚೀಲವನ್ನೂ ಕೆಳಗಿಡದೆ ಕೂತುಬಿಟ್ಟರು.

"ಯಾಕೆ, ಬೈದ್ರಾ ಯಾರಾದ್ರೂ?"

"ಬೈದಿದ್ರೂ ಆಗಿತ್ತು ಕಣ್ರೀ. ದೂರದ್ದು ಒಂದು ದನೀನೂ ಕಿವಿಗೆ ಬೀಳ್ಲಿಲ್ಲ."

ಈ ಮಾತು ಹೇಗೋ ಅದೇ ಕಚೇರಿಯ ತಂತ್ರಜ್ಞ ಮಹೇಂದ್ರನ ಕಿವಿಗೆ ಬಿತ್ತು. ಅವನು ಹವ್ಯಾಸಿ ರೇಡಿಯೋದವನು, ಮನೆಯಲ್ಲೇ ಕೂತು ದೂರದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವವನು. ಒಂದು ಭಾನುವಾರ ಬ್ಯಾಟರಿಯಲ್ಲಿ ನಡೆಯುವ ತನ್ನ ಹಳೆಯ ರಿಸೀವರನ್ನು ಹೊತ್ತು ತಂದು, "ಇಟ್ಕೊಳಿ ಮೇಡಂ, ನನ್ನತ್ರ ಇನ್ನೊಂದಿದೆ" ಅಂದ. ಉದ್ದ-ಗಿಡ್ಡ ಸದ್ದುಗಳಲ್ಲಿ ಅಕ್ಷರ ಹೇಳುವ ಮೋರ್ಸ್ ಸಂಕೇತವನ್ನೂ ಅವನೇ ಕಲಿಸಿದ. ಪುಟ್ಟಬಸಮ್ಮ ರೊಟ್ಟಿ ತಟ್ಟುತ್ತಲೇ ಡಾ, ಡಿಟ್ ಎಂದು ಗುನುಗುತ್ತಿದ್ದರು. ಮಹದೇವಪ್ಪನವರಿಗೂ ಅರ್ಧ ವರ್ಣಮಾಲೆ ಬಾಯಿಪಾಠವಾಯಿತು.

ತೊಂಬತ್ತೈದರ ಚಳಿಗಾಲದಲ್ಲಿ ಮಹೇಂದ್ರ ಮತ್ತೆ ಬಂದ. "ಈಗ ಸೂರ್ಯನ ಮೇಲೆ ಕಲೆ ಕಮ್ಮಿ. ತೀರ ಕೆಳಗಿನ ಫ್ರೀಕ್ವೆನ್ಸಿ ಕೇಳೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆದ್ರೆ ಉದ್ದದ ತಂತಿ ಬೇಕು." ಅಕ್ಕಪಕ್ಕದ ಮಾಳಿಗೆಗಳನ್ನು ದಾಟಿಸಿ ತಂತಿ ಎಳೆಯಬೇಕಾಯಿತು. ಯಾರೂ ಬೇಡವೆನ್ನಲಿಲ್ಲ. ಪಕ್ಕದ ಮನೆಯ ಅಲಮೇಲು ತಮ್ಮ ಬಟ್ಟೆ ಒಣಗಿಸುವ ಕಂಬವನ್ನೇ ಬಿಟ್ಟುಕೊಟ್ಟರು.

ಎಲ್ಲ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಬರೀ ಚರಚರ. ಮಹಡಿ ಮನೆಯ ಕೆಳಗೇ ಚಿಕ್ಕಮಾದಯ್ಯನವರ ಹಿಟ್ಟಿನ ಗಿರಣಿ. ಅದರ ದೊಡ್ಡ ಬೆಲ್ಟು ತಿರುಗುವಾಗ ಹುಟ್ಟುವ ಸಣ್ಣ ಕಿಡಿಗಳೆಲ್ಲ ರೇಡಿಯೋದೊಳಗೆ ನುಗ್ಗುತ್ತಿದ್ದವು. ಜನ ರಾಗಿ, ಗೋಧಿ ತರುವುದು ಸಂಜೆಯೇ. ಪುಟ್ಟಬಸಮ್ಮನಿಗೆ ಬೇಕಾದದ್ದೂ ಸಂಜೆಯೇ. ಇಳಿದು ಹೋಗಿ ಕೇಳಿದರು.

"ನಿಮ್ಮ ರೇಡಿಯೋಗೆ ಅಂತ ನಾನು ಮಿಲ್ ನಿಲ್ಲುಸ್ಬುಡ್ಲಾ?" ಚಿಕ್ಕಮಾದಯ್ಯ ಕೂಗಿದರು. ಅವರು ಮಾತಾಡುವುದೇ ಹಾಗೆ. ಗಿರಣಿಯ ಗದ್ದಲದಲ್ಲಿ ಅವರ ಕಿವಿ ಮುಕ್ಕಾಲು ಹೋಗಿತ್ತು. ಪುಟ್ಟಬಸಮ್ಮ ಮೆಟ್ಟಿಲು ಹತ್ತಿ ವಾಪಸಾದರು.

ಆಮೇಲೆ ಒಂದು ಸಂಜೆ ಹೊತ್ತು ಮುಳುಗುವಾಗ ಕರೆಂಟು ಹೋಯಿತು. ಗಿರಣಿ ನಿಂತಿತು, ಟ್ಯೂಬ್‌ಲೈಟುಗಳು ಆರಿದವು, ಬೀದಿಯಿಡೀ ಶಪಿಸಿತು. ಪುಟ್ಟಬಸಮ್ಮ ಓಡಿಹೋಗಿ ಹೆಡ್‌ಫೋನ್ ಏರಿಸಿಕೊಂಡರು. ಚರಚರ ಇರಲಿಲ್ಲ. ದೂರದ ಮಳೆಯಂಥ ಸದ್ದು, ಅದರಾಚೆ ಒಂದು ಸಣ್ಣ ಶಿಳ್ಳೆ. ಹಿಡಿದರು, ತಪ್ಪಿತು, ಮತ್ತೆ ಹಿಡಿದರು. ಜಪಾನಿನ ಯಾರೋ ಒಬ್ಬರು ದೇಶದ ಗುರುತೂ ಇರುವ ತಮ್ಮ ರೇಡಿಯೋ ಹೆಸರಿನ ಅಕ್ಷರಗಳನ್ನು ಬಡಿದು, ಯಾರಾದರೂ ಇದ್ದೀರಾ ಎಂದು ಕರೆಯುತ್ತಿದ್ದರು.

"ರೀ! ಸಿಕ್ತು ಕಣ್ರೀ!"

ಆ ಕೂಗಿಗೆ, ಏನಾಯಿತೋ ಎಂದು ಚಿಕ್ಕಮಾದಯ್ಯನೂ ಟಾರ್ಚ್ ಹಿಡಿದು ಮೇಲೆ ಬಂದರು. ಪುಟ್ಟಬಸಮ್ಮ "ಜಪಾನ್!" ಎಂದು ಕೂಗಿ ಹೆಡ್‌ಫೋನನ್ನು ಅವರ ತಲೆಗೇ ಹಾಕಿದರು. ಅವರು ಕಣ್ಣು ಮುಚ್ಚಿ ನೋಡಿದರು, ತಲೆ ಓರೆ ಮಾಡಿ ನೋಡಿದರು.

"ನನಗೇನೂ ಕೇಳಲ್ಲ ಕಣಮ್ಮ."

ಪುಟ್ಟಬಸಮ್ಮ ಹೆಡ್‌ಫೋನನ್ನು ತಮ್ಮ ಕಿವಿಗೆ ಹಾಕಿಕೊಂಡು, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಅವರ ಅಂಗೈ ಮೇಲೆ ಬೆರಳಿನಿಂದ ತಟ್ಟತೊಡಗಿದರು. ಉದ್ದ, ಗಿಡ್ಡ, ಉದ್ದ. ಚಿಕ್ಕಮಾದಯ್ಯ ತಮ್ಮ ಅಂಗೈಯನ್ನೇ ನೋಡುತ್ತ ನಿಂತರು.

"ಇದು ಜಪಾನಿಂದ ಬತ್ತಾ ಐತಾ? ತಂತಿ ಇಲ್ದೆ?"

ಪುಟ್ಟಬಸಮ್ಮ ದನಿ ಏರಿಸಿ, ಮಹೇಂದ್ರ ಹೇಳಿಕೊಟ್ಟದ್ದನ್ನು ಹೇಳಿದರು: "ಬಿಸಿಲಿರೋವಾಗ ಆಕಾಶದಲ್ಲಿ ಒಂದು ಪದರ ಈ ಅಲೆಗಳನ್ನ ಕುಡಿದ್ಬುಡುತ್ತೆ. ಹೊತ್ತು ಮುಳುಗಿದ್ರೆ ಅದು ಕರಗುತ್ತೆ. ಅದಕ್ಕಿಂತ ಮೇಲೆ ಇನ್ನೊಂದಿದೆ, ಕನ್ನಡಿ ಇದ್ದ ಹಾಗೆ. ಅಲೆ ಅದಕ್ಕೆ ಬಡಿದು ನೆಲಕ್ಕೆ, ನೆಲದಿಂದ ಮತ್ತೆ ಮೇಲಕ್ಕೆ. ಹಂಗೆ ಪುಟೀತಾ ಪುಟೀತಾ ಇಲ್ಲಿಗೆ ಬರುತ್ತೆ."

"ಅಷ್ಟು ದೂರದಿಂದ ಬಂದಿದ್ದು ನನ್ನ ಮಿಲ್ಲಿಗೆ ಬಂದು ಸಾಯ್ತಾ ಇತ್ತಾ?"

ಚಿಕ್ಕಮಾದಯ್ಯ ಟಾರ್ಚ್ ಹಿಡಿದು ಮೆಟ್ಟಿಲಿಳಿದರು. ಮರುದಿನ ಕರೆಂಟು ಇದ್ದರೂ ದೀಪ ಹಚ್ಚುವ ಹೊತ್ತಿಗೆ ಗಿರಣಿ ನಿಂತಿತು. ಕಾದಿದ್ದವರು ಗೊಣಗಿದರೆ, "ಕಾಫಿ ಕುಡೀಬ್ಯಾಡ್ವಾ ನಾನು?" ಎಂದು ಗದರಿದರು. ಆಮೇಲಿನ ಚಳಿಗಾಲಗಳಲ್ಲೆಲ್ಲ ಆ ಕಾಫಿ ತಪ್ಪಲಿಲ್ಲ. ಅದನ್ನು ಮಾಡಿ ಕೆಳಗೆ ಒಯ್ದು ಕೊಡುವುದನ್ನು ಮಹದೇವಪ್ಪನವರು ತಾವಾಗಿಯೇ ವಹಿಸಿಕೊಂಡರು.

ನಡುವೆ ಸೂರ್ಯನ ಕಲೆಗಳು ಹೆಚ್ಚಾಗಿ ಕೆಲವು ವರ್ಷ ಏನೂ ಸರಿಯಾಗಿ ಸಿಗಲಿಲ್ಲ. "ಸುಮ್ನೆ ಯಾಕೆ ನಿಲ್ಲಿಸ್ತೀರಿ, ನಡೆಸಿ" ಎಂದು ಪುಟ್ಟಬಸಮ್ಮನೇ ಹೋಗಿ ಹೇಳಿದರೂ ಚಿಕ್ಕಮಾದಯ್ಯ ಕೇಳಲಿಲ್ಲ. "ಬಂದ್ರೆ? ಇವತ್ತೇ ಬಂದ್ಬುಟ್ರೆ?" ತಾನು ಎಂದೂ ಕೇಳಲಾಗದ ಸದ್ದಿಗಾಗಿ ಒಬ್ಬ ಮನುಷ್ಯ ತನ್ನ ಯಂತ್ರ ನಿಲ್ಲಿಸಿ ಕೂತಿದ್ದಾನೆ ಎಂದು ನೆನೆದಾಗ ಪುಟ್ಟಬಸಮ್ಮ ಮತ್ತೆ ಹೆಡ್‌ಫೋನ್ ಏರಿಸಿಕೊಂಡು ಕೂರುತ್ತಿದ್ದರು. ಮಹೇಂದ್ರನನ್ನು, ಅಲಮೇಲುವನ್ನು, ಕರೆಂಟು ಹೋದ ಆ ಸಂಜೆಯನ್ನೂ ಅವರು ಪೂಜೆಯ ಹೊತ್ತಿನಲ್ಲಿ ನೆನೆಯುತ್ತಿದ್ದರು.

ಎರಡು ಸಾವಿರದ ಏಳರಲ್ಲಿ, ಅವರು ನಿವೃತ್ತರಾಗಿ ಮನೆಯಲ್ಲಿದ್ದ ಕಾಲಕ್ಕೆ, ಸೂರ್ಯ ಮತ್ತೆ ಶಾಂತನಾದ. ಡಿಸೆಂಬರಿನ ಒಂದು ಸಂಜೆ ಅಷ್ಟು ವರ್ಷ ಕಾದರೂ ಸಿಗದಿದ್ದ ಆಸ್ಟ್ರೇಲಿಯಾ ಸ್ಪಷ್ಟವಾಗಿ ಕೇಳಿತು. ಪುಟ್ಟಬಸಮ್ಮ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋಗಿ, ಚಿಕ್ಕಮಾದಯ್ಯನವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದರು.

ರಾಗಿ ಚೀಲ ಇಟ್ಟುಕೊಂಡು ಕಾದಿದ್ದ ಚೆಲುವಮ್ಮನ ಕಡೆಗೆ ಅವರು ತಿರುಗಿದರು. "ಆಸ್ಟ್ರೇಲಿಯಾ ಬಂತು!"

"ಯಾರಿಗೆ ಬಂತು?" ಅಂದಳು ಆಕೆ.

"ನಮಗೇ ಕಣಮ್ಮ!" ಎಂದು ಚಿಕ್ಕಮಾದಯ್ಯ ನಗುತ್ತ ಎದ್ದು ಗಿರಣಿಯ ಸ್ವಿಚ್ ಒತ್ತಿದರು.