ನಳದ ತಗ್ಗು

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಿಪ್ಪಾಣಿಯ ನಮ್ಮ ಓಣಿಗೆ ಕಾಮಾಲೆ ಹೊಕ್ಕಿತು. ಅದೇ ಬೇಸಿಗೆಗೆ ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಗಂಡನ ಊರಾದ ಸತ್ತಿಯಿಂದ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಮೊದಲು ಹಾಸಿಗೆ ಹಿಡಿದವನು ಮೂಲೆಮನೆಯ ದರ್ಜಿ, ಆಮೇಲೆ ಅವನ ಇಬ್ಬರು ಮಕ್ಕಳು. ಬಸುರಿಗೆ ಇದು ತಗುಲಿದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ, ನೀರು ಕುದಿಸಿ ಕೊಡಿ ಎಂದು ಡಾಕ್ಟರು ಎಚ್ಚರಿಸಿದರು.

ಅತ್ತೆಯವರಿಗೆ ಈ ಮಾತು ಸ್ವಲ್ಪ ನಾಟಿತು. ನಮ್ಮದು ಜೈನರ ಮನೆ. ಸೋಸದ ನೀರಿನಲ್ಲಿ ಅವರು ಕೈ ಕೂಡ ತೊಳೆದವರಲ್ಲ, ಸೋಸಿದ ಮೇಲೆ ನೀರು ಶುದ್ಧವೆಂದೇ ಅವರ ನಂಬಿಕೆ. ಆದರೂ ಮಗಳಿಗೆಂದು ಎರಡು ಹೊತ್ತು ನೀರು ಕುದಿಸಿಟ್ಟರು. ಮಗಳೋ ಆ ಸೆಕೆಯಲ್ಲಿ ಬಿಸಿನೀರು ಯಾರಿಗೆ ಬೇಕೆಂದು ಮುಖ ಸಿಂಡರಿಸಿ, ಅವ್ವ ಆಚೆ ಹೋದ ಕೂಡಲೇ ಮಣ್ಣಿನ ಹರವಿಗೆ ತಂಬಿಗೆ ಅದ್ದುತ್ತಿದ್ದಳು. ಸತ್ತಿಯಲ್ಲಿ ಹೊಳೆಯ ನೀರನ್ನೇ ಕುಡಿದವಳಿಗೆ ಇಲ್ಲೇನಾದೀತು ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದಳು. ನಾನೂ ನಗುತ್ತಿದ್ದೆ, ಮೂರ್ಖಿ.

ನಮ್ಮ ಓಣಿಯಲ್ಲಿ ನೀರಿಗೆ ಒತ್ತಡವೇ ಇರಲಿಲ್ಲ. ದಿನ ಬಿಟ್ಟು ದಿನ ಒಂದು ತಾಸು ಬರುತ್ತಿದ್ದ ನೀರು ನಳದವರೆಗೆ ಏರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಮನೆ ಮುಂದೆ ಸೊಂಟದಾಳದ ತಗ್ಗು ತೋಡಿ, ನೆಲದೊಳಗಿನ ಪೈಪಿಗೇ ನಳ ಕೂಡಿಸಿಕೊಂಡಿದ್ದರು. ತಗ್ಗಿಗಿಳಿದು ಕೊಡ ತುಂಬಬೇಕು. ಪಕ್ಕದಲ್ಲೇ ಕೊಳಚೆ ಹರಿಯುವ ಗಟಾರ. ತಗ್ಗಿನ ತಳದಲ್ಲಿ ಸದಾ ಒಂದಿಷ್ಟು ನೀರು ನಿಂತೇ ಇರುತ್ತಿತ್ತು.

ಅತ್ತೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುತ್ತಿದ್ದರು. ಆಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯದ ಹಾಗೆ ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ನೀರನ್ನು ಬಂದ ಜಾಗಕ್ಕೇ ಮರಳಿಸಬೇಕು, ಅದು ನೇಮ. ಬಾವಿಯ ನೀರಾದರೆ ಬಾವಿಗೆ. ನಳದ ನೀರು ಬಂದ ಜಾಗ ಯಾವುದು? ಅತ್ತೆಯ ಲೆಕ್ಕದಲ್ಲಿ ಅದು ತಗ್ಗು. ಓಣಿಯಲ್ಲಿ ಕಾಮಾಲೆ ಹೆಚ್ಚಿದಷ್ಟೂ ಅವರು ಹೆಚ್ಚು ಸಲ ಸೋಸಿದರು, ಹೆಚ್ಚು ಸಲ ತಗ್ಗಿಗೆ ಸುರಿದರು.

ಒಂದು ಮುಂಜಾನೆ ನೀರು ನಿಂತ ಮೇಲೆ ನಾನು ಕೊನೆಯ ಕೊಡ ಎತ್ತಲು ಇಳಿದಿದ್ದೆ. ಅತ್ತೆ ಮೇಲಿನಿಂದ ತಂಬಿಗೆಯ ನೀರು ಸುರಿದು ಒಳಗೆ ಹೋದರು. ನಳದ ಬಾಯಿಗೆ ಕಟ್ಟಿದ್ದ ಬಟ್ಟೆಯ ಚೂರು ತಾನಾಗಿಯೇ ಒಳಕ್ಕೆ ಎಳೆದುಕೊಂಡಿತು. ಬಗ್ಗಿ ನೋಡಿದೆ. ತಳದಲ್ಲಿ ಪೈಪಿನ ಸಡಿಲ ಕೂಡಿಕೆಯ ಹತ್ತಿರ ತಗ್ಗಿನ ನೀರು ಸಣ್ಣಗೆ ಸುತ್ತುತ್ತ ಒಳಗೆ ಹೋಗುತ್ತಿತ್ತು. ಖಾಲಿಯಾದ ಪೈಪು ಗಟಾರದ ಬಸಿನೀರು, ಅತ್ತೆ ಸುರಿದ ನೀರು, ಎಲ್ಲವನ್ನೂ ಹೀರುತ್ತಿತ್ತು. ಮುಂದಿನ ಸಲ ನೀರು ಬಿಟ್ಟಾಗ ಅದೇ ಮೊದಲು ನಮ್ಮ ಕೊಡಕ್ಕೆ ಬರುತ್ತದೆ. 

ಹೇಳಲಿಲ್ಲ. ನಾನು ಬಾಯಿ ಸತ್ತವಳಲ್ಲ, ತರಕಾರಿಯವನ ತಕ್ಕಡಿಗೂ ಜಗಳ ತೆಗೆಯುತ್ತಿದ್ದೆ. ಆದರೆ ಮದುವೆಯಾಗಿ ವರ್ಷ ತುಂಬದ ಸೊಸೆ, ನಲವತ್ತು ವರ್ಷ ನೇಮ ಹಿಡಿದವರಿಗೆ ನಿಮ್ಮ ಪುಣ್ಯದ ನೀರೇ ವಿಷ ಎಂದು ಹೇಗೆ ಹೇಳಲಿ? ಹಿಂದಿನ ವಾರವಷ್ಟೇ ಎದುರು ಮಾತಾಡಿದ್ದಕ್ಕೆ ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ನಾದಿನಿ ಹರವಿಗೆ ತಂಬಿಗೆ ಅದ್ದಿದಾಗಲೆಲ್ಲ ಕುದಿಸಿದ ನೀರಿನ ಲೋಟ ಮುಂದೆ ಹಿಡಿಯುತ್ತಿದ್ದೆ. ಒಮ್ಮೆ ತಂಬಿಗೆಯನ್ನೇ ಕೈಯಿಂದ ಕಸಿದುಕೊಂಡೆ ಕೂಡ. ಅವಳು ನಕ್ಕಳು.

ನಾಲ್ಕನೆಯ ದಿನ ಮುಂಜಾನೆ ಅವಳು ರೊಟ್ಟಿ ಮುಟ್ಟಲಿಲ್ಲ, ವಾಂತಿ ಮಾಡಿಕೊಂಡಳು. ಬೆಳಕಿಗೆ ಕರೆದು ನೋಡಿದರೆ ಕಣ್ಣು ಹಳದಿ. ಅತ್ತೆಯ ಕೈ ಹಿಡಿದು ತಗ್ಗಿನ ಹತ್ತಿರ ಎಳೆದುಕೊಂಡು ಹೋದೆ. "ಅತ್ತಿಯಾರ, ನೀರ ನಿಂತ ಮ್ಯಾಲ ಈ ತಗ್ಗಿನ ನೀರ ಪೈಪಿನ್ಯಾಗ ಹೋಗತೈತ್ರಿ" ಎಂದು ಬೆರಳು ಮಾಡಿ ತೋರಿಸಿದೆ.

ಅವರು ಬಗ್ಗಿ ನೋಡಿದರು.

"ಒಂದ ಜೀವಾನೂ ಸಾಯಬಾರದಂತ ಇಲ್ಲಿ ಹಾಕ್ತಿದ್ನಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾವಾಗ ನೋಡಿದಿ ನೀ ಇದನ್ನ?" ಎಂದು ಕೇಳಿದರು.

"ಇವತ್ತ ಮುಂಜಾನಿರಿ."

ಮಧ್ಯಾಹ್ನದೊಳಗೆ ಆ ತಗ್ಗಿಗೆ ಕಲ್ಲು ಮಣ್ಣು ತುಂಬಿಸಿದರು. ನಾದಿನಿಯನ್ನು ಕೊಲ್ಲಾಪುರದ ದವಾಖಾನೆಗೆ ಸಾಗಿಸಿದೆವು. ಒಂಬತ್ತನೆಯ ದಿನಕ್ಕೆ ತಿಂಗಳು ತುಂಬದ ಗಂಡುಕೂಸು ಹುಟ್ಟಿತು, ಅಳಲಿಲ್ಲ. ಅವಳು ಉಳಿದಳು. ಈ ರೋಗ ಮೈಯೊಳಗೆ ಸೇರಿ ವಾರಗಟ್ಟಲೆ ಆದ ಮೇಲೆ ಕಾಣುತ್ತದೆ, ನಾಲ್ಕು ದಿನದಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ನಾಲ್ಕು ದಿನ ಮೊದಲೇ ಗೊತ್ತಾಗಿದ್ದರೆ ಎಂದು, ಯಾರದೋ ಮನೆಯ ಸಂಗತಿಯ ಹಾಗೆ ಮೂರು ಸಲ ಕೇಳಿದ್ದೆ. ಮೂರು ಸಲವೂ ಅದೇ ಉತ್ತರ. ನನಗೆ ಇವತ್ತಿಗೂ ಅದು ಸಮಾಧಾನ ಕೊಟ್ಟಿಲ್ಲ.

ಅತ್ತೆ ತೊಂಬತ್ತರ ದಶಕದ ಕೊನೆಯವರೆಗೆ ಬದುಕಿದ್ದರು. ಬಂದ ಬೀಗರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನನ್ನ ಸೊಸಿ ಕಂಡ ಗಳಿಗಿಗೇ ಹೇಳಿದ್ಲು. ಅದಕ್ಕ ಮಗಳರೆ ಉಳಿದ್ಲು." ಕೊನೆಯ ಸಲ ಹೇಳಿದಾಗ ನಾದಿನಿಯೂ ಪಕ್ಕದಲ್ಲಿದ್ದಳು. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.