ಗಂಡನ ಸಕ್ಕರೆ, ನಿಂಗಮ್ಮನ ಹೆಸರು

ನಿಂಗಮ್ಮ ಗಂಡನ ಹೆಸರು ಹೇಳುವುದಿಲ್ಲ. ಹೊಣಕೆರೆ ಹೋಬಳಿಯ ಬಡಗಿ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು. ಕರಿಘಟ್ಟಕ್ಕೆ ಹರಕೆ ತೀರಿಸಲು ಹೋದರೂ ಅಲ್ಲಿನ ದೇವರು ನಿಂಗಮ್ಮನ ಬಾಯಲ್ಲಿ ‘ಬೆಟ್ಟದಯ್ಯ’. ವೆಂಕಟರಮಣ ಎಂದರೆ ಗಂಡನ ಅರ್ಧ ಹೆಸರು ಬಾಯಿಗೆ ಬಂದುಬಿಡುತ್ತದೆ.

ಗಂಡ ವೆಂಕಟೇಶಾಚಾರಿ ಬಾಗಿಲು, ಕಿಟಕಿ ಮಾಡುತ್ತಾರೆ. ಅವನ್ನು ಉಜ್ಜಿ ನುಣುಪು ಮಾಡಿ ಪಾಲಿಶ್ ಹಚ್ಚುವುದು ನಿಂಗಮ್ಮನ ಕೆಲಸ. ನಾಗಮಂಗಲದ ವೈದ್ಯರೊಬ್ಬರು ಸಕ್ಕರೆ ಕಾಯಿಲೆ ಎಂದು ಹೇಳಿ ಮಾತ್ರೆ ಕೊಟ್ಟ ಮೇಲೆ ಆಚಾರಿ ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಮಾತ್ರೆ ತೀರಿದಾಗ ಅದರ ಖಾಲಿ ಸ್ಟ್ರಿಪ್ಪನ್ನು ಹೆಂಡತಿಯ ಕೈಗಿಟ್ಟು ಊರಿನ ಆರೋಗ್ಯ ಉಪಕೇಂದ್ರಕ್ಕೆ ಕಳಿಸಿದರು. ಅಲ್ಲಿ ಟ್ಯಾಬಿನ ಪರದೆಯ ಮೇಲೆ ದೂರದ ಊರಿನ ವೈದ್ಯರು ಸಿಗುತ್ತಾರೆ. ವಿಚಾರಿಸಿ, ಮಾತ್ರೆ ಬರೆಯುತ್ತಾರೆ.

“ಪೇಷಂಟ್ ಹೆಸರು?” ಎಂದು ಆಗ ಅಲ್ಲಿದ್ದ ಆರೋಗ್ಯ ಕಾರ್ಯಕರ್ತೆ ಕೇಳಿದರು. ನಿಂಗಮ್ಮ ಹಿಂದೆ ತಿರುಗಿ ನೋಡಿದರು. ಇಂಥ ಹೊತ್ತಿನಲ್ಲಿ ಪಕ್ಕದವರು ಯಾರಾದರೂ ಗಂಡನ ಹೆಸರು ಹೇಳುವುದು ವಾಡಿಕೆ. ಅವತ್ತು ಪರಿಚಯದವರು ಯಾರೂ ಇರಲಿಲ್ಲ.

“ನಿಂಗಮ್ಮ ಅಂತ್ಲೇ ಬರ್ಕಳವ್ವ” ಎಂದುಬಿಟ್ಟರು.

ಪರದೆಯ ಮೇಲಿದ್ದ ವೈದ್ಯರು ಖಾಲಿ ಸ್ಟ್ರಿಪ್ ನೋಡಿ ಅದೇ ಮಾತ್ರೆ ಮುಂದುವರಿಸಿದರು. ಆಮೇಲೆ ಪ್ರತಿ ಸಲವೂ ಮಾತ್ರೆ ಹೆಂಡತಿಯ ಹೆಸರಿಗೆ ಬಂತು, ಗಂಡ ನುಂಗಿದರು. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕಳೆದ ವರ್ಷ ನಿಂಗಮ್ಮನ ಕಣ್ಣಿಗೆ ಪೊರೆ ಬಂತು. ಪಾಲಿಶ್ ಹಚ್ಚಿದ ಬಾಗಿಲಲ್ಲಿ ಗೀರುಗಳು ಉಳಿಯತೊಡಗಿದವು. “ಕಣ್ ಕಾಣಕಿಲ್ವಾ ನಿಂಗೆ? ಬೆಕ್ಕು ಪರಚ್ದಂಗೈತೆ” ಎಂದು ಆಚಾರಿ ಬೈದರು. ಆಕೆ ಕಣ್ಣಿನ ಶಿಬಿರಕ್ಕೆ ಹೋದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗೇ ಇತ್ತು. ಆದರೆ ಆಕೆಯ ಹೆಸರಿನ ಹಳೆಯ ಚೀಟಿಗಳನ್ನು ನೋಡಿದ ಅಲ್ಲಿಯವರು, ಮಾತ್ರೆಯಿಂದಾಗಿಯೇ ಹತೋಟಿಯಲ್ಲಿದೆ ಎಂದು ತೀರ್ಮಾನಿಸಿದರು. ಮಾತ್ರೆ ಬರೆಯುವ ವೈದ್ಯರ ಪತ್ರ ತಂದರೆ ಮಾತ್ರ ಆಪರೇಷನ್ ಎಂದರು.

“ನಂಗ್ಯಾವ ಸಕ್ರೆನೂ ಇಲ್ಲ” ಎಂದರು ನಿಂಗಮ್ಮ. ಯಾರೂ ನಂಬಲಿಲ್ಲ. ಸಕ್ಕರೆ ಕಾಯಿಲೆಯವರೆಲ್ಲ ಹೇಳುವುದು ಅದನ್ನೇ.

ಆಕೆ ನೇರವಾಗಿ ಉಪಕೇಂದ್ರಕ್ಕೆ ಬಂದರು. ಅಷ್ಟರಲ್ಲಿ ಅಲ್ಲಿಗೆ ಸ್ನೇಹ ಎಂಬ ಹೊಸ ಆರೋಗ್ಯ ಅಧಿಕಾರಿ ಬಂದಿದ್ದರು. ಪರದೆಯ ಮೇಲೆ ಸಿಕ್ಕವರು ಡಾ. ಸೌಮ್ಯಶ್ರೀ.

“ಈ ಮಾತ್ರೆ ನೀವು ತಗೋತಿಲ್ವಾ?”

“ಒಂದೂ ನುಂಗಿಲ್ಲ ಕಣವ್ವ.”

“ಮತ್ತೆ ಯಾರು?”

“ಮನೆಯವ್ರು.”

“ಅವರ ಹೆಸರು?”

ನಿಂಗಮ್ಮ ಸೆರಗು ಸರಿಮಾಡಿಕೊಂಡರು. ಸ್ನೇಹ ನಗು ತಡೆದುಕೊಂಡು, “ಅವರು ಹೇಳಲ್ಲ ಮೇಡಂ” ಎಂದರು.

ವೈದ್ಯೆ ನಗಲಿಲ್ಲ. ದೂರದಿಂದ ಚಿಕಿತ್ಸೆ ಕೊಡುವವರಿಗೆ ನಿಯಮಗಳಿವೆ ಎಂದು ವಿವರಿಸಿದರು. ರೋಗಿ ಯಾರು, ವಯಸ್ಸೆಷ್ಟು, ಎಲ್ಲಿಯವರು ಎಂಬುದನ್ನು ವೈದ್ಯರು ಖಚಿತ ಮಾಡಿಕೊಳ್ಳಬೇಕು. ಚೀಟಿ ರೋಗಿಯ ಹೆಸರಿನಲ್ಲೇ ಇರಬೇಕು, ಅದರ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಅರಿವಿದ್ದು ಮಾತಾಡಬಲ್ಲ ರೋಗಿಯ ಪರವಾಗಿ ಬೇರೆಯವರು ಮಾತಾಡಬೇಕಾದರೆ ಅವನ ಒಪ್ಪಿಗೆ ಬೇಕು. ಮುಖಾಮುಖಿ ನೋಡಲೇಬೇಕು ಅನಿಸಿದರೆ ವೈದ್ಯರು ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಬನ್ನಿ ಎನ್ನಬಹುದು.

“ಅವರೇ ಬಂದು, ಮಾತ್ರೆ ತಗೊಂಡಿದ್ದು ತಾವು ಅಂತ ಹೇಳಲಿ. ಆಮೇಲೆ ನಿಮಗೆ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿ ಪತ್ರ ಕೊಡ್ತೀನಿ. ಅಲ್ಲೀವರೆಗೆ ನಿಮ್ಮ ಹೆಸರಿಗೆ ಈ ಮಾತ್ರೆ ಬರೆಯಲ್ಲ.”

“ಬರೀಲೇಬ್ಯಾಡಿ” ಎಂದರು ನಿಂಗಮ್ಮ.

ಮನೆಯ ಮುಂದಿನ ಚಪ್ಪರದಡಿ ಆಚಾರಿ ಕ್ಯಾತನಹಳ್ಳಿಯ ಗೃಹಪ್ರವೇಶದ ಮನೆಗೆ ಬಾಗಿಲು ಮಾಡುತ್ತಿದ್ದರು. ಚಿತ್ತಾರದ ಕೆಲಸ ಮುಗಿದಿತ್ತು, ಪಾಲಿಶ್ ಬಾಕಿ. ಹೆಂಡತಿಯ ಮಾತನ್ನೆಲ್ಲ ಕೇಳಿಸಿಕೊಂಡು ಉಳಿಯನ್ನು ಕೆಳಗಿಟ್ಟರು.

“ನಾನು ಬರಕಿಲ್ಲ. ಆ ಗಾಜಿನ್ ಮುಂದೆ ಕೂತ್ಕಂಡು ನಾಲ್ಗೆ ಚಾಚಕೆ ನಾನೇನು ಎಳೇ ಮಗಾನಾ? ನೀನೇ ಯೋಳ್ಬುಡು.”

“ಯಾರ್ ಯೆಸ್ರು ಯೋಳ್ಲಿ?”

“ನಂದೇ ಯೋಳು. ಯಾರ್ ನಿನ್ ತಲೆ ತೆಗ್ದಾರು?”

ನಿಂಗಮ್ಮ ಪಾಲಿಶ್ ಡಬ್ಬಿಯನ್ನು ಕೈಗೆತ್ತಿಕೊಂಡರು.

“ನಿಮ್ಮವ್ವ ಬ್ಯಾಡ ಅಂದಾಗ ಬ್ಯಾಡ. ಈಗ ನಿಮ್ಗೆ ಮಾತ್ರೆ ಬೇಕು ಅಂದಾಗ ಬೇಕಾ? ನಾನು ಯೋಳಕಿಲ್ಲ. ನಿಮ್ ಯೆಸ್ರು, ನಿಮ್ ಸಕ್ರೆ, ನಿಮ್ ಬಾಯಿ. ನನ್ ಯೆಸ್ರು ವಾಪಸ್ ಕೊಡ್ಸಿ.”

“ಓಹೋ, ಲಾಯ್ರಮ್ಮ ಬಂದ್ಬುಟ್ಲು.”

“ಲಾಯ್ರಮ್ಮಂಗೂ ಕಣ್ ಬೇಕು” ಎಂದ ನಿಂಗಮ್ಮ ಪಾಲಿಶ್ ಡಬ್ಬಿಯ ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟರು. ಉಳಿದಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಕಿಟಕಿಯಲ್ಲಿಟ್ಟು, “ಇದೇ ಕಡೇದು. ಇನ್ನು ತರಕೆ ಓಗದು ನೀವೇ. ಬಾಗ್ಲುಗೆ ಪಾಲಿಶು ನನ್ ಕಣ್ ಬಂದ್ಮೇಲೆ” ಎಂದರು.

ಆಚಾರಿ ತಾವೇ ಪಾಲಿಶ್ ಹಚ್ಚಲು ನೋಡಿದರು. ಅವರ ಕೈ ಮರ ಕೆತ್ತಿದ ಕೈ, ಬಟ್ಟೆ ಎಳೆದಲ್ಲೆಲ್ಲ ಗೆರೆ ಎದ್ದಿತು. ಕ್ಯಾತನಹಳ್ಳಿಯ ಯಜಮಾನ ಬಂದು ಬಾಗಿಲನ್ನು ನೋಡಿ, “ಏನ್ ಆಚಾರ್ರೇ, ಹೊಲ ಉತ್ತಂಗೈತಲ್ಲ” ಎಂದು ಹೋದ. ನಿಂಗಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

ಮಾತ್ರೆ ತೀರಿದ ವಾರ ಆಚಾರಿ ಬಿಳಿ ಅಂಗಿ ತೊಟ್ಟುಕೊಂಡು, “ನಡಿ” ಎಂದರು.

ಪರದೆಯ ಮೇಲೆ ಡಾ. ಸೌಮ್ಯಶ್ರೀ ಮೊದಲು ತಮ್ಮ ಹೆಸರು ಹೇಳಿ, ಬಳಿಕ ಅವರ ಹೆಸರು ಕೇಳಿದರು. ಅಭ್ಯಾಸ ಬಲದಿಂದ ಆಚಾರಿ ಹೆಂಡತಿಯ ಕಡೆ ತಿರುಗಿದರು. ನಿಂಗಮ್ಮ ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತಿದ್ದರು.

“ವೆಂಕಟೇಶಾಚಾರಿ.”

“ಆ ಮಾತ್ರೆ ತಗೋತಿದ್ದದ್ದು ಯಾರು?”

“ನಾನೇ.”

“ನಿಮ್ಮ ಹೆಂಡತಿ?”

“ಅವಳಿಗೇನು, ಗಟ್ಟಿಮುಟ್ಟಾಗವ್ಳೆ.”

ಸ್ನೇಹ ಬೆರಳು ಚುಚ್ಚಿ ನೋಡಿದಾಗ ಆಚಾರಿಯ ಸಕ್ಕರೆ ತೀರಾ ಏರಿತ್ತು. ಇದನ್ನು ಪರದೆಯ ಮೇಲೆ ನೋಡಿ ಮಾತ್ರೆ ಬದಲಿಸುವುದಿಲ್ಲ, ನಾಗಮಂಗಲದ ಆಸ್ಪತ್ರೆಗೆ ಇವತ್ತೇ ಹೋಗಿ ಎಂದು ವೈದ್ಯೆ ಖಡಾಖಂಡಿತವಾಗಿ ಹೇಳಿದರು. ಆಚಾರಿ ತಲೆಯಾಡಿಸಿದರು. ಸ್ನೇಹ ನಿಂಗಮ್ಮನ ರಕ್ತವನ್ನು ಬೇರೆಯಾಗಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಆಕೆಗೆ ಸಕ್ಕರೆ ಕಾಯಿಲೆ ಇಲ್ಲವೆಂಬ ಪತ್ರವೂ ಬಂತು.

ಆ ಪತ್ರ ಹಿಡಿದು ಇಬ್ಬರೂ ಮತ್ತೆ ಕಣ್ಣಿನ ಶಿಬಿರಕ್ಕೆ ಹೋದರು. ಆಪರೇಷನ್‌ಗೆ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು:

“ಹೆಸರು?”

“ನಿಂಗಮ್ಮ.”

“ಶುಗರ್ ಇದೆಯಾ?”

“ಇಲ್ಲ.”

“ಗಂಡನ ಹೆಸರು?”

ನಿಂಗಮ್ಮ ಕಂಬಕ್ಕೊರಗಿ ನಿಂತಿದ್ದವರ ಕಡೆ ಕೈ ತೋರಿಸಿದರು.

“ಅಲ್ಲೇ ಅವ್ರೆ ನೋಡವ್ವ. ಅವ್ರಿಗೇ ಬಾಯೈತೆ, ಕೇಳು.”