ಹಿತ್ತಾಳೆ ಚಕ್ರ ಕಪ್ಪು ಮಾಡಲು ಯಜಮಾನರು ಬೇಕಂತೆ

ಗೆಳೆಯರೇ, ಇವತ್ತು ನಾನು ಹೆಂಗಸು ಎಂಬ ಕಾರಣಕ್ಕೆ ಅಂಗಡಿಯವರೊಬ್ಬರು ನನಗೆ ಸಾಮಾನು ಕೊಡಲು ಒಪ್ಪಲಿಲ್ಲ.

ನಾನು ಪುಟ್ಟ ಮಾದರಿ ರೈಲುಗಳನ್ನು ಜೋಡಿಸುವುದು ನಿಮಗೆಲ್ಲ ಗೊತ್ತು. ಈ ಸಲದ ಕಿಟ್‌ನಲ್ಲಿ ಬಂದ ಹಿತ್ತಾಳೆ ಚಕ್ರಗಳು ದೇವರ ಮನೆಯ ದೀಪದ ಹಾಗೆ ಫಳಫಳ ಹೊಳೆಯುತ್ತಿದ್ದವು. ಬಣ್ಣ ಬಳಿದರೆ ಹಳಿಗೆ ಉಜ್ಜಿ ಎದ್ದು ಬರುತ್ತದೆ. ಹಾಗಾಗಿ ಹಿತ್ತಾಳೆಯನ್ನು ಕಪ್ಪಾಗಿಸುವ ದ್ರಾವಣ ತರಲು ಕೆಮಿಕಲ್ ಅಂಗಡಿಗೆ ಹೋದೆ.

"ಇದನ್ನೆಲ್ಲ ಹೆಂಗಸ್ರಿಗೆ ಕೊಡಲ್ಲಮ್ಮ. ಯಜಮಾನ್ರನ್ನ ಕಳ್ಸಿ," ಎಂದರು ಅಂಗಡಿಯವರು.

"ಅವ್ರು ಹೊರಗೇ ಸ್ಕೂಟರ್ ಹತ್ರ ನಿಂತಿದಾರೆ."

"ಮತ್ತೆ ಕರೀರಿ."

"ಕರೆಯಲ್ಲ ಕಣ್ರೀ. ರೈಲು ಮಾಡೋಳು ನಾನು."

ಅವರು ದನಿ ತಗ್ಗಿಸಿದರು. "ವಿಷ ಕಣಮ್ಮ ಅದು. ಮನೇಲಿ ಎಲ್ಲಾ ಸರಿಯಾಗಿದ್ಯಾ?"

ಕೋಪ, ನಗು ಒಟ್ಟಿಗೇ ಬಂದವು. ಚೀಲದಿಂದ ಚಕ್ರಗಳನ್ನೂ ರಬ್ಬರ್ ಕೈಗವಸನ್ನೂ ತೆಗೆದು ಅವರ ಮುಂದಿಟ್ಟೆ. ಕೊಡುವ ತನಕ ಏಳುವುದಿಲ್ಲವೆಂದು ಅಲ್ಲಿದ್ದ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಹಿಂದೆ ಗಿರಾಕಿಗಳು ಸೇರಿ ಗೊಣಗತೊಡಗಿದರು. ಕೊನೆಗೆ ಬಾಟಲಿ ಬಂತು, ಜೊತೆಗೆ ಇನ್ನೊಂದು ಪ್ರಶ್ನೆಯೂ ಬಂತು.

"ಇಷ್ಟು ಚೆನ್ನಾಗಿ ಹೊಳೀತಿರೋದನ್ನ ಯಾಕಮ್ಮ ಕಪ್ಪು ಮಾಡ್ತೀರಿ?"

"ಹೊಳೆದ್ರೆ ಅದು ಆಟದ ಸಾಮಾನು. ಕಪ್ಪಾದ್ರೇನೇ ರೈಲು," ಎಂದು ಎದ್ದು ಬಂದೆ.

ಹೊರಗೆ ನಮ್ಮ ಯಜಮಾನರು, "ಯಾಕಿಷ್ಟು ಹೊತ್ತಾಯ್ತು?" ಎಂದು ಕೇಳಿದರು.

"ನಿಮ್ಮನ್ನ ಕರೆದಿದ್ರೆ ಬೇಗ ಮುಗೀತಿತ್ತು," ಎಂದೆ. ಪಾಪ, ಅವರಿಗೆ ಅರ್ಥವಾಗಲಿಲ್ಲ.

ಈಗಷ್ಟೇ ಮಹಡಿಯ ಮೇಲೆ ಕೂತು ಚಕ್ರಗಳನ್ನೆಲ್ಲ ಕಪ್ಪು ಮಾಡಿ ಮುಗಿಸಿದೆ. ನೋಡಿದರೆ ಕಣ್ಣಿಗೆ ಹಬ್ಬ. ಈ ಬಾಟಲಿ ಖಾಲಿಯಾದ ಮೇಲೆ ಬೇರೆ ಅಂಗಡಿ ಹುಡುಕುವುದಿಲ್ಲ. ಅಲ್ಲಿಗೇ ಹೋಗುತ್ತೇನೆ, ಒಬ್ಬಳೇ.